'ಸಿಗಲಿಲ್ಲ' ಎಂದರೆ 'ಇಲ್ಲ' ಎಂದೇ?

ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ ಸೇಡಂನ ಹುಡುಗಿಯೊಬ್ಬಳು ತಂದೆಯೊಡನೆ ಕಂಪ್ಯೂಟರ್ ಮುಂದೆ ಕುಳಿತಿದ್ದಾಳೆ ಎಂದುಕೊಳ್ಳೋಣ. ಅರ್ಜಿಯ ಸಂಖ್ಯೆ ಕೊಟ್ಟರೆ ಪರದೆಯ ಮೇಲೆ 'ದಾಖಲೆ ಇಲ್ಲ' ಎಂಬ ಉತ್ತರ. ಸ್ವೀಕೃತಿ ಚೀಟಿ ಕೈಯಲ್ಲೇ ಇದೆ. ಹಾಗಾದರೆ ಅರ್ಜಿ ಎಲ್ಲಿ ಹೋಯಿತು?

ಅದು ಇದ್ದಲ್ಲೇ ಇರಬಹುದು. ಯಂತ್ರ ಹುಡುಕಿದ ಜಾಗ ತಪ್ಪಿರಬಹುದು. ವಾಡಿ ಜಂಕ್ಷನ್ನಿನಲ್ಲಿ ಸೋಲಾಪುರದ ಬದಲು ರಾಯಚೂರಿನ ಹಳಿಗೆ ತಿರುಗಿದ ಡಬ್ಬಿಯನ್ನು ಸೋಲಾಪುರದಲ್ಲಿ ಹುಡುಕಿದರೆ ಸಿಕ್ಕೀತೇ?

ಕೋಟ್ಯಂತರ ದಾಖಲೆಗಳನ್ನು ಒಂದೇ ಕಂಪ್ಯೂಟರಿನಲ್ಲಿಟ್ಟು ಬೇಗ ಹುಡುಕುವುದು ಕಷ್ಟ. ಆದ್ದರಿಂದ ಅವನ್ನು ಹಲವು ಭಾಗ ಮಾಡಿ ಬೇರೆ ಬೇರೆ ಕಂಪ್ಯೂಟರುಗಳಿಗೆ ಹಂಚುತ್ತಾರೆ. ಇಂಥ ಭಾಗಕ್ಕೆ 'ಶಾರ್ಡ್', ಅಂದರೆ ಚೂರು, ಎಂದು ಹೆಸರು. 2010ರಲ್ಲಿ ಶಾಯ್ ಬ್ಯಾನನ್ ಹೊರತಂದ 'ಎಲಾಸ್ಟಿಕ್‌ಸರ್ಚ್' ಎಂಬ ಶೋಧಯಂತ್ರ ನಡೆಯುವುದು ಹೀಗೆಯೇ. ಯಾವ ದಾಖಲೆ ಯಾವ ಚೂರಿಗೆ? ಇದನ್ನು ತೀರ್ಮಾನಿಸುವುದು ಪ್ರಾಥಮಿಕ ಶಾಲೆಯಲ್ಲಿ ಕಲಿತ ಭಾಗಾಕಾರ! ದಾಖಲೆಯ ಗುರುತನ್ನು ಒಂದು ಸೂತ್ರದಿಂದ ದೊಡ್ಡ ಸಂಖ್ಯೆಯಾಗಿಸಿ, ಚೂರುಗಳ ಸಂಖ್ಯೆಯಿಂದ ಭಾಗಿಸುತ್ತಾರೆ. ಉಳಿದ ಶೇಷವೇ ಚೂರಿನ ಸಂಖ್ಯೆ.

ವಿದ್ಯಾರ್ಥಿಗಳು ಇದನ್ನು ಕಾಗದದ ಮೇಲೆ ಮಾಡಿ ನೋಡಬಹುದು. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್ ಕೋಡನ್ನೇ ಗುರುತಾಗಿಟ್ಟುಕೊಳ್ಳಿ. ಸೇಡಂ 585222, ಚಿತ್ತಾಪುರ 585211, ವಾಡಿ 585225, ಶಹಾಬಾದ್ 585228, ಚಿಂಚೋಳಿ 585307. ಐದು ಚೂರುಗಳಿದ್ದರೆ 5ರಿಂದ ಭಾಗಿಸಿ. ಶೇಷ ಕ್ರಮವಾಗಿ 2, 1, 0, 3, 2. ಸೇಡಂ, ಚಿಂಚೋಳಿ ಒಂದೇ ಚೂರಿಗೆ ಸೇರಿದವು. ನಾಲ್ಕನೆಯ ಸಂಖ್ಯೆಯ ಚೂರು ಖಾಲಿ ಉಳಿಯಿತು. ಈಗ ಆರು ಚೂರು ಮಾಡಿ, 6ರಿಂದ ಭಾಗಿಸಿ. ಶೇಷ 0, 1, 3, 0, 1. ಹಳೆಯ ಜಾಗದಲ್ಲಿ ಉಳಿದದ್ದು ಚಿತ್ತಾಪುರ ಒಂದೇ! ಆದ್ದರಿಂದಲೇ ಚೂರುಗಳ ಸಂಖ್ಯೆಯನ್ನು ಮೊದಲೇ ಗೊತ್ತುಮಾಡಿಕೊಳ್ಳುತ್ತಾರೆ. ಆಮೇಲೆ ಮನಬಂದಂತೆ ಬದಲಿಸಲಾಗದು. ಬದಲಿಸಬೇಕಾದರೆ ದಾಖಲೆಗಳನ್ನು ಹೊಸದಾಗಿ ಹಂಚಬೇಕು.

ಇನ್ನೊಂದು ತೊಡಕು ಹೆಸರಿನದು. ಅರ್ಜಿ ಸಂಖ್ಯೆಯ ಬದಲು ಜಿಲ್ಲೆಯ ಹೆಸರನ್ನು ದಾರಿಗುರುತಾಗಿ ಬಳಸುವುದೂ ಉಂಟು. ಗುಲ್ಬರ್ಗಾ 2014ರ ನವೆಂಬರ್ 1ರಂದು ಕಲಬುರಗಿ ಆಯಿತು. ನಮಗೆ ಎರಡೂ ಒಂದೇ ಊರು. ಯಂತ್ರಕ್ಕೆ ಅವು ಎರಡು ಬೇರೆ ಸಂಖ್ಯೆಗಳು. ಹಳೆಯ ಹೆಸರಿನಲ್ಲಿ ಇಟ್ಟ ಅರ್ಜಿಯನ್ನು ಹೊಸ ಹೆಸರಿನಲ್ಲಿ ಕೇಳಿದರೆ ಅದು ಬೇರೊಂದು ಚೂರಿನಲ್ಲಿ ನೋಡಿ 'ಇಲ್ಲ' ಎಂದುಬಿಡಬಹುದು. ಅದೇ ಅರ್ಜಿಯನ್ನು ಹೊಸ ಹೆಸರಿನಲ್ಲಿ ಮತ್ತೆ ಸೇರಿಸಿದರೆ ಎರಡು ಚೂರುಗಳಲ್ಲಿ ಎರಡು ಪ್ರತಿಗಳು ಉಳಿದಾವು. ಒಂದನ್ನು ತಿದ್ದಿದರೆ ಇನ್ನೊಂದು ಹಾಗೆಯೇ ಇರುತ್ತದೆ.

ತಪ್ಪನ್ನು ಪತ್ತೆ ಮಾಡುವುದು ಹೇಗೆ? ಮೊದಲು ದಾರಿಗುರುತು ಕೊಡದೆ ಎಲ್ಲ ಚೂರುಗಳಲ್ಲೂ ಹುಡುಕಿಸಬೇಕು. ಸಿಕ್ಕಿತೋ, ದಾಖಲೆ ಕ್ಷೇಮ. ದಾರಿ ತಪ್ಪಿತ್ತು ಅಷ್ಟೆ. ಸಿಗದಿದ್ದರೆ ಉತ್ತರದ ಜೊತೆ ಬರುವ ಲೆಕ್ಕ ನೋಡಬೇಕು: ಎಷ್ಟು ಚೂರುಗಳನ್ನು ಕೇಳಲಾಯಿತು, ಎಷ್ಟು ಉತ್ತರಿಸಿದವು, ಎಷ್ಟು ವಿಫಲವಾದವು? ಐದರಲ್ಲಿ ನಾಲ್ಕೇ ಉತ್ತರಿಸಿದ್ದರೆ 'ಇಲ್ಲ' ಎಂದು ಹೇಳುವಂತಿಲ್ಲ. ಬಳಿಕ, ಇಡುವಾಗ ಕೊಟ್ಟ ಗುರುತನ್ನೂ ಹುಡುಕುವಾಗ ಕೊಟ್ಟ ಗುರುತನ್ನೂ ಅಕ್ಷರಕ್ಕೆ ಅಕ್ಷರ ಹೋಲಿಸಬೇಕು. ನಡುವೆ ಒಂದು ಖಾಲಿ ಜಾಗ ಹೆಚ್ಚಾಗಿದ್ದರೂ ಶೇಷ ಬದಲಾಗಬಹುದು. ಗುರುತಿಲ್ಲದ ದಾಖಲೆಯನ್ನು ಒಳಗೇ ಸೇರಿಸದಂತೆ ಯಂತ್ರಕ್ಕೆ ಮೊದಲೇ ಕಟ್ಟುಮಾಡುವುದು ಇನ್ನೂ ಒಳ್ಳೆಯದು.

ಪಾಲಕರು ಗಮನಿಸಬೇಕಾದದ್ದು ಇಷ್ಟೆ. ಸ್ವೀಕೃತಿ ಚೀಟಿಯನ್ನು ಜೋಪಾನವಾಗಿಡಿ. ಊರು, ಹೆಸರುಗಳನ್ನು ಎಲ್ಲೆಡೆ ಒಂದೇ ರೀತಿ ಬರೆಯಿರಿ. 'ಇಲ್ಲ' ಎಂದ ಕೂಡಲೇ ಇನ್ನೊಂದು ಅರ್ಜಿ ತುಂಬುವ ಮೊದಲು, ಎಲ್ಲ ಕಡೆ ಹುಡುಕಿದ್ದಾರೆಯೇ ಎಂದು ಕಚೇರಿಯಲ್ಲಿ ಕೇಳಿ. ಹುಡುಗಿಯ ಒಂದು ವರ್ಷ ಆ ಒಂದು ಪ್ರಶ್ನೆಯಿಂದ ಉಳಿದೀತು.