ಮೊದಲು ಅಟ್ಟದ ಮೇಲಿನ ಕ್ಯಾಸೆಟ್ಟು, ಆಮೇಲೆ ಸಿನಿಮಾ ಹಾಡು



ಹಳೇ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಹಾಕಿಕೊಳ್ಳುವ ಹುಮ್ಮಸ್ಸು ನಮ್ಮಲ್ಲಿ ಅನೇಕರಿಗಿದೆ. ಆದರೆ ಕೈ ಮೊದಲು ಹೋಗುವುದು ಸಿನಿಮಾ ಹಾಡಿಗೆ, ಭಾವಗೀತೆಗೆ. ಅಂಗಡಿಯಲ್ಲಿ ಮಾರಾಟವಾದ ಕ್ಯಾಸೆಟ್ಟಿಗೆ ಎಷ್ಟೋ ಪ್ರತಿಗಳಿವೆ. ಇವತ್ತಲ್ಲ ನಾಳೆ ಎಲ್ಲಾದರೂ ಸಿಕ್ಕೀತು. ಅಜ್ಜಿ ಹೇಳಿದ ಹಸೆ ಹಾಡು, ಊರ ಜಾತ್ರೆಯ ಬಯಲಾಟ, ಗಲ್ಫಿನಲ್ಲಿದ್ದ ಮಗನಿಗೆ ಅಮ್ಮ ಕಾಗದದ ಬದಲು ಮಾತಾಡಿ ಕಳಿಸಿದ ಟೇಪು - ಇವಕ್ಕೆ ಇರುವುದು ಒಂದೇ ಪ್ರತಿ. ಹೋದರೆ ಹೋಯಿತು.

ಕ್ಯಾಸೆಟ್ಟು ಹುಟ್ಟಿದ್ದು 1963ರಲ್ಲಿ. ನಮ್ಮ ಮನೆಗಳಲ್ಲಿ ಎಂಬತ್ತರ ದಶಕದಲ್ಲಿ ತುಂಬಿಸಿದ ಟೇಪುಗಳಿಗೆ ಈಗ ನಲವತ್ತರ ಆಸುಪಾಸು. ಪ್ಲಾಸ್ಟಿಕ್ ಪಟ್ಟಿಗೆ ಅಂಟಿಸಿದ ಕಾಂತದ ಪುಡಿ ಅದು. ಕರಾವಳಿ, ಮಲೆನಾಡಿನ ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತದೆ. ಪ್ಲೇಯರಿನ ರಬ್ಬರ್ ಬೆಲ್ಟೂ ಸಡಿಲವಾಗಿರುತ್ತದೆ.

ಇದು ಬರೀ ಮನೆಯ ನೆನಪಿನ ಮಾತಲ್ಲ. ಪುಸ್ತಕದಲ್ಲಿ, ವಾರ್ತೆಯಲ್ಲಿ ಸಿಗುವುದು ಒಂದು ಕನ್ನಡ. ಕುಂದಾಪುರದ್ದು, ಧಾರವಾಡದ್ದು, ಚಾಮರಾಜನಗರದ್ದು, ಹವ್ಯಕರದ್ದು ಹೆಚ್ಚಾಗಿ ಉಳಿದಿರುವುದು ಬಾಯಲ್ಲಿ, ಮತ್ತು ಇಂಥ ಟೇಪುಗಳಲ್ಲಿ. ಮಾತು ಗುರುತಿಸುವ ಸಾಫ್ಟ್‌ವೇರ್ ಕಲಿಯುವುದು ನಾವು ಕೇಳಿಸಿದ ದನಿಯಿಂದಲೇ. ನಾವು ಕೊಡದಿದ್ದರೆ ಅದಕ್ಕೆ ನಮ್ಮಜ್ಜಿಯ ಕನ್ನಡ ತಿಳಿಯುವುದು ಹೇಗೆ?

ಕೆಲಸ ಕಷ್ಟವಲ್ಲ, ತಾಳ್ಮೆಯದು. ಸಿ-60 ಕ್ಯಾಸೆಟ್ಟಿಗೆ ಒಂದು ಗಂಟೆ ಕೂರಲೇಬೇಕು. ಮೊದಲು ಮೇಲಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳನ್ನು ಮುರಿಯಿರಿ; ಮೇಲೆ ಬೇರೇನೂ ರೆಕಾರ್ಡ್ ಆಗದು. ಪ್ಲೇಯರಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ. ಸ್ಪೀಕರಿನ ಮುಂದೆ ಮೈಕ್ ಹಿಡಿಯಬೇಡಿ, ವೈರಿನಿಂದಲೇ ಜೋಡಿಸಿ. ಲ್ಯಾಪ್‌ಟಾಪಿನಲ್ಲಿ ಲೈನ್-ಇನ್ ಇಲ್ಲದಿದ್ದರೆ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ಸಾಕು. ಆಡಾಸಿಟಿ ಪುಕ್ಕಟೆ ಸಿಗುತ್ತದೆ. ವೇವ್ ಫೈಲಾಗಿ ಉಳಿಸಿ. ಸಿಡಿ ಗುಣಮಟ್ಟದಲ್ಲಿ ಗಂಟೆಗೆ ಸುಮಾರು 635 ಎಂಬಿ. ಎಂಪಿ3 ಹಂಚಲಿಕ್ಕೆ ಮಾತ್ರ. ಗೊರಗೊರ ಸದ್ದು ತೆಗೆಯುವ ಆಟವನ್ನು ಇನ್ನೊಂದು ಪ್ರತಿಯಲ್ಲಿ ಆಡಿ, ಮೂಲವನ್ನು ಮುಟ್ಟಬೇಡಿ.

ಟೇಪಿಗಿಂತ ಮೊದಲು ಅಳಿಯುವುದು ಇನ್ನೊಂದಿದೆ: ಹಾಡಿದವರು ಯಾರು, ಯಾವ ಊರು, ಯಾರ ಮದುವೆ ಎಂಬ ನೆನಪು. 'ಟ್ರ್ಯಾಕ್ 01' ಅಂತ ಹೆಸರಿಟ್ಟ ಫೈಲು ಇಪ್ಪತ್ತು ವರ್ಷದ ನಂತರ ಮೂಕ. ಊರಿನಲ್ಲಿರುವ ದೊಡ್ಡತ್ತೆಗೋ ಚಿಕ್ಕಪ್ಪನಿಗೋ ಫೋನಿನಲ್ಲೇ ಕೇಳಿಸಿ, ಹೇಳಿದ್ದನ್ನು ಕನ್ನಡದಲ್ಲೇ ಬರೆದು ಫೈಲಿನ ಜೊತೆಗಿಡಿ. ಇಂಟರ್ನೆಟ್ಟಿಗೆ ಹಾಕುವ ಮುನ್ನ ಹಾಡಿದವರನ್ನು, ಅವರಿಲ್ಲದಿದ್ದರೆ ಮನೆಯವರನ್ನು ಕೇಳಿ.

"ಸರ್ಕಾರ ಮಾಡಲಿ, ಯೂನಿವರ್ಸಿಟಿ ಮಾಡಲಿ" ಅನ್ನುವವರಿದ್ದಾರೆ. ಮಾಡಲಿ, ಬೇಡ ಅಂದವರಾರು? ಆದರೆ ನಮ್ಮ ಮನೆಯ ಅಟ್ಟ ಹತ್ತುವವರು ನಾವೇ.

ಈ ಸಲ ಊರಿಗೆ ಹೋದಾಗ ಚಟ್ನಿಪುಡಿ, ಹಪ್ಪಳದ ಜೊತೆ ಹತ್ತು ಕ್ಯಾಸೆಟ್ಟು ತನ್ನಿ. ಏರ್‌ಪೋರ್ಟಿನ ಎಕ್ಸ್‌ರೇಗೆ ಟೇಪು ಅಳಿಸಿಹೋಗುವುದಿಲ್ಲ, ಹೆದರಬೇಡಿ. ಮೇಲೆ ಏನೂ ಬರೆಯದಿರುವ ಕ್ಯಾಸೆಟ್ಟನ್ನೇ ಮೊದಲು ಆರಿಸಿ.