ಮನೆಯೂ ಬೇವಿನ ಮರವೂ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕಟ್ಟಿದವರು ಎರಡರ ಖರ್ಚನ್ನೂ ಅನುಭವಿಸಿದವರೇ ಇರಬೇಕು. ಮದುವೆಯ ವಿಚಾರ ನನಗೆ ತಿಳಿಯದು. ಆದರೆ ಕಳೆದ ಬೇಸಿಗೆಯಲ್ಲಿ ನಮ್ಮಲ್ಲಿ ಮನೆ ಕಟ್ಟುವ ಕೆಲಸ ನಡೆಯಿತು. ಅದನ್ನು ಹತ್ತಿರದಿಂದ ಕಂಡೆ. ರಜೆಯಲ್ಲಿ ಇಟ್ಟಿಗೆಯನ್ನೂ ಹೊತ್ತೆ. ಆಗ ಮನೆಯವರೊಡನೆ ನಡೆದ ವಾದವೇ ಈ ಲೇಖನಕ್ಕೆ ಕಾರಣ. ಮನೆಯೆಂಬುದು ಪ್ರಕೃತಿಗೆ ಹತ್ತಿರವಾಗಿರಬೇಕೆಂದು ಈಗ ಎಲ್ಲರೂ ಹೇಳುತ್ತಾರೆ. ಹಾಗೆಂದರೇನು, ಅದರ ಬೆಲೆಯನ್ನು ತೆರುವವರು ಯಾರು ಎಂಬ ಎರಡು ಪ್ರಶ್ನೆಗಳನ್ನು ಸಹಪಾಠಿಗಳ ಮುಂದೆಯೂ ಗುರುಗಳ ಮುಂದೆಯೂ ಇಡಬೇಕೆಂದು ನನ್ನ ಆಸೆ.

ಪೇಟೆಯ ಮನೆಗಳಲ್ಲಿ ಪ್ರಕೃತಿಯನ್ನು ಅಂಗಡಿಯಿಂದ ಕೊಂಡು ತರುವುದು ಇಂದಿನ ರೂಢಿ. ಕಿಟಕಿಯನ್ನು ಭದ್ರವಾಗಿ ಮುಚ್ಚಿ, ಗೋಡೆಗೆ ಕಾಡಿನ ಚಿತ್ರವಿರುವ ಕಾಗದ ಅಂಟಿಸುತ್ತಾರೆ. ಬಾಗಿಲಿಗೆ ಪ್ಲಾಸ್ಟಿಕ್ಕಿನ ಬಳ್ಳಿ, ಮೇಜಿನ ಮೇಲೆ ಒಂದು ಕುಂಡ. ಕುಂಡದ ಗಿಡ ಕೋಣೆಯ ಗಾಳಿಯನ್ನು ಶುದ್ಧ ಮಾಡುತ್ತದೆಂಬ ನಂಬಿಕೆ ಹಲವರಲ್ಲಿದೆ. ಇದರ ಮೂಲ ಅಮೆರಿಕದ ನಾಸಾ ಸಂಸ್ಥೆ 1989ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ. ಅದು ನಡೆದದ್ದು ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. 2019ರಲ್ಲಿ ಇಬ್ಬರು ಅಮೆರಿಕನ್ ಸಂಶೋಧಕರು ಇಂಥ ಪ್ರಯೋಗಗಳನ್ನೆಲ್ಲ ಕೂಡಿಸಿ ಲೆಕ್ಕ ಹಾಕಿದರು. ಕಟ್ಟಡದೊಳಗೆ ಸಹಜವಾಗಿ ಗಾಳಿ ಬಂದು ಹೋಗುವುದರಿಂದ ಆಗುವಷ್ಟು ಶುದ್ಧಿ ಗಿಡಗಳಿಂದ ಆಗಬೇಕಾದರೆ ಒಂದೊಂದು ಚದರ ಮೀಟರಿಗೆ 10ರಿಂದ 1000 ಗಿಡಗಳು ಬೇಕಂತೆ! ಅಷ್ಟು ಗಿಡವಿಟ್ಟರೆ ಮನುಷ್ಯನಿಗೆ ಕಾಲಿಡಲು ಸ್ಥಳವೆಲ್ಲಿ? ಕುಂಡದ ಗಿಡ ಬೇಡವೆಂದು ನಾನು ಹೇಳುತ್ತಿಲ್ಲ. ಅದು ಕಣ್ಣಿಗೆ ಹಿತ. ಆದರೆ ಗಾಳಿಯ ಕೆಲಸವನ್ನು ಕಿಟಕಿಗೆ ಬಿಡುವುದು ಲೇಸು.

ನಾನು ಹುಟ್ಟಿ ಬೆಳೆದದ್ದು ಬಯಲುಸೀಮೆಯ ಮಾಳಿಗೆ ಮನೆಯಲ್ಲಿ. ಎರಡು ಅಡಿ ದಪ್ಪದ ಮಣ್ಣಿನ ಗೋಡೆ. ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಅದರ ಮೇಲೆ ಕಡ್ಡಿ ಸೊಪ್ಪು ಹಾಸಿ ಹೊದಿಸಿದ ಚೌಳು ಮಣ್ಣು. ನಡುಮನೆಗೆ ಬೆಳಕು ಬರಲು ಮಾಳಿಗೆಯಲ್ಲೊಂದು ಗವಾಕ್ಷಿ. ಮುಂದೆ ಜಗಲಿ, ಪಡುವಣ ಮಗ್ಗುಲಿಗೆ ಬೇವಿನ ಮರ. ಬೇಸಿಗೆಯ ಮಧ್ಯಾಹ್ನ ಹೊಲದಿಂದ ಬಂದವರು ಹೊಸ್ತಿಲು ದಾಟಿದೊಡನೆ ಮೈ ತಣ್ಣಗಾಗುತ್ತಿತ್ತು. ಇದರಲ್ಲಿ ಮಾಯೆಯೇನೂ ಇಲ್ಲ. ದಪ್ಪ ಮಣ್ಣಿನ ಗೋಡೆ ಬಿಸಿಲನ್ನು ನಿಧಾನವಾಗಿ ಹೀರುತ್ತದೆ. ಹೊರಗಿನ ಕಾವು ಒಳಮುಖಕ್ಕೆ ಬಂದು ಸೇರುವ ಹೊತ್ತಿಗೆ ಸಂಜೆಯಾಗಿ ಹೊರಗಿನ ಗಾಳಿ ತಂಪಾಗಿರುತ್ತದೆ. ನಮ್ಮ ಸೀಮೆಯಲ್ಲಿ ಏಪ್ರಿಲ್ ಕೊನೆಯ ಹೊತ್ತಿಗೆ ನಡುಹಗಲಿನ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಆದುದರಿಂದ ಗೋಡೆಗಿಂತಲೂ ಛಾವಣಿಯೇ ಹೆಚ್ಚು ಕಾಯುತ್ತದೆ. ಮಾಳಿಗೆಯ ಮೇಲೆ ಅಷ್ಟು ಮಣ್ಣನ್ನು ಹೇರಿದ ಹಿರಿಯರಿಗೆ ಇದು ಪುಸ್ತಕದಿಂದ ತಿಳಿದದ್ದಲ್ಲ; ನೆತ್ತಿ ಸುಟ್ಟು ತಿಳಿದದ್ದು.

ಇಷ್ಟನ್ನು ನಾನು ಮನೆಯಲ್ಲಿ ಒಂದು ದಿನ ಭಾಷಣದಂತೆ ಹೇಳಿದೆ. ಹೊಸ ಮನೆಯನ್ನೂ ಮಣ್ಣಿನಲ್ಲೇ ಕಟ್ಟೋಣವೆಂದು ಸೂಚಿಸಿದೆ. ಅಪ್ಪ ಗಾರೆ ಕೆಲಸದವರು. ಅವರು ನಕ್ಕು ಸುಮ್ಮನಾದರು. ಅವ್ವ ಸುಮ್ಮನಾಗಲಿಲ್ಲ.

“ಓದಿ ನೌಕರಿಗೆ ಹೋಗೋಳು ನೀನು, ಸಾರಿಸೋಳು ನಾನು. ಮಣ್ಣಿನ ಮನೆ ತಂಪು ಅಂತೀಯಲ್ಲ, ನನ್ನ ಸೊಂಟ ಕೇಳು, ಅದು ಹೇಳ್ತದೆ” ಎಂದರು.

ನಾನು ನಿರುತ್ತರಳಾದೆ. ಅವರು ಹೇಳಿದ್ದು ಅಕ್ಷರಶಃ ಸತ್ಯ. ವಾರಕ್ಕೆರಡು ಸಲ ಇಡೀ ನೆಲವನ್ನು ಸಗಣಿಯಿಂದ ಸಾರಿಸುವವರು ಅವ್ವ. ಹಬ್ಬ ಬಂದರೆ ಗೋಡೆಗೆ ಮಣ್ಣು ಮೆತ್ತಿ ಸುಣ್ಣ ಬಳಿಯುವವರೂ ಅವರೇ. ಮಳೆಗಾಲಕ್ಕೆ ಮೊದಲು ಮಾಳಿಗೆಗೆ ಹೊಸ ಮಣ್ಣು ಹೊರುವುದರಲ್ಲಿ ಅರ್ಧ ಪಾಲು ಅವರದು. ಒಂದು ವರ್ಷ ನಡುರಾತ್ರಿಯ ಮಳೆಗೆ ಮೂಲೆ ಸೋರತೊಡಗಿತು. ಅಪ್ಪ ಕೆಲಸಕ್ಕೆಂದು ಬೇರೆ ಊರಿಗೆ ಹೋಗಿದ್ದರು. ಅವ್ವ ಗೋಣಿಚೀಲವನ್ನು ಕೊಪ್ಪೆ ಹಾಕಿಕೊಂಡು ಏಣಿ ಹತ್ತಿ ಗವಾಕ್ಷಿಯ ಬಾಯಿ ಮುಚ್ಚಿ, ಸೋರುವೆಡೆಗೆ ಬುಟ್ಟಿಯಲ್ಲಿ ಮಣ್ಣು ಹೊತ್ತು ಹಾಕಿದರು. ನಾನು ಕೆಳಗೆ ಬ್ಯಾಟರಿ ಹಿಡಿದು ನಿಂತಿದ್ದೆ. ಗೆದ್ದಲು, ಚೇಳುಗಳ ಕಾಟ ಬೇರೆ. ಇದಕ್ಕೆಲ್ಲ ಮೇಲಾಗಿ, ಮಣ್ಣಿನ ಗೋಡೆಗೆ ಬಡತನದ ಹೆಸರು ಅಂಟಿಕೊಂಡಿದೆ. ಜನಗಣತಿಯ ಲೆಕ್ಕದಲ್ಲಿ ಅದು ‘ಕಚ್ಚಾ’. ಹೆಣ್ಣು ನೋಡಲು ಬರುವವರ ಲೆಕ್ಕದಲ್ಲಿಯೂ ಅಷ್ಟೇ.

ನಮ್ಮ ಹಳೆಯ ಮನೆಗಳ ಸೊಬಗನ್ನು ಹೊಗಳುವ ಲೇಖನಗಳನ್ನು ನಾನು ಬಹಳ ಓದಿದ್ದೇನೆ. ಅವುಗಳಲ್ಲಿ ಹೆಚ್ಚಿನವುಗಳಲ್ಲಿ ಈ ಸೊಂಟನೋವಿನ ಮಾತಿಲ್ಲ. ಆ ತಂಪು ಪ್ರಕೃತಿಯ ದಾನವೆಂದು ಬರೆಯುತ್ತಾರೆ. ಅದರಲ್ಲಿ ಅರ್ಧ ಹೆಂಗಸರ ದುಡಿಮೆ. ಈ ದುಡಿಮೆಯನ್ನು ಕಾಣದೆ ಮಣ್ಣಿನ ಮನೆಗೆ ಹಿಂದಿರುಗಿರೆಂದು ಉಪದೇಶಿಸುವುದು ನ್ಯಾಯವಲ್ಲ.

ಹಾಗಾದರೆ ಸಿಮೆಂಟಿನ ಮನೆಯೇ ಉತ್ತರವೇ? ನಮ್ಮೂರಿನಲ್ಲಿ ಈಚೆಗೆ ಎದ್ದ ಮನೆಗಳನ್ನು ನೋಡಿದರೆ ಹಾಗೆನ್ನುವ ಧೈರ್ಯವಾಗದು. ನಾಲ್ಕೈದು ಅಂಗುಲದ ಮೋಲ್ಡ್ ಇಡೀ ಹಗಲು ಕಾದು, ರಾತ್ರಿ ಆ ಕಾವನ್ನು ಮಲಗಿದವರ ಮೇಲೆ ಸುರಿಯುತ್ತದೆ. ಕರೆಂಟು ಹೋದರೆ ಮಕ್ಕಳು ಮುದುಕರೆನ್ನದೆ ಎಲ್ಲರೂ ಚಾಪೆ ಹಿಡಿದು ಹೊರಗೆ ಬರುತ್ತಾರೆ. ಏಪ್ರಿಲ್ ತಿಂಗಳಲ್ಲಿ ಮೋಲ್ಡ್ ಮನೆಯ ನೆರೆಯವರು ನಮ್ಮ ಹಳೆಯ ಜಗಲಿಗೆ ಬಂದು ಮಲಗುತ್ತಿದ್ದುದನ್ನು ನಾನೇ ಕಂಡಿದ್ದೇನೆ. ನಿವೇಶನದ ಅಂಚಿನಿಂದ ಅಂಚಿಗೆ ಕಟ್ಟುವುದರಿಂದ ಹಿತ್ತಲಿಲ್ಲ. ಹಿತ್ತಲಿಲ್ಲದುದರಿಂದ ಬಚ್ಚಲ ನೀರು ಬೀದಿಗೆ. ಬೀದಿಯಲ್ಲಿ ನೀರು ನಿಂತುದರಿಂದ ಸೊಳ್ಳೆ. ಇದು ಒಂದು ಮನೆಯ ತೊಂದರೆಯಷ್ಟೇ ಅಲ್ಲ. ಸಿಮೆಂಟು ತಯಾರಿಸಲು ಸುಣ್ಣದ ಕಲ್ಲನ್ನು ಸುಮಾರು 1450 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕು. ಲೋಕದಲ್ಲಿ ಮನುಷ್ಯರು ಹೊರಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಶೇಕಡ 8ರಷ್ಟು ಈ ಒಂದು ಉದ್ಯಮದಿಂದಲೇ ಬರುತ್ತದೆ. ಸೆಕೆಯನ್ನು ಹೆಚ್ಚಿಸುವ ವಸ್ತುವಿನಿಂದ ಮನೆ ಕಟ್ಟಿ, ಸೆಕೆಯೆಂದು ಫ್ಯಾನು ಹಾಕುತ್ತಿದ್ದೇವೆ.

ಈ ಎರಡರ ನಡುವೆ ದಾರಿಯಿದೆಯೆಂಬುದನ್ನು ಬಲ್ಲವರು ಆಗಲೇ ತೋರಿಸಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನದ ಕೇಂದ್ರ ಪ್ರಾರಂಭವಾಯಿತು. ಅಮೂಲ್ಯ ರೆಡ್ಡಿಯವರು ಅದರ ಸ್ಥಾಪಕರು. ಮಣ್ಣು, ಮರಳುಗಳಿಗೆ ಶೇಕಡ 5ರಿಂದ 8ರಷ್ಟು ಸಿಮೆಂಟು ಸೇರಿಸಿ, ಕೈಯಂತ್ರದಲ್ಲಿ ಒತ್ತಿ, ಮೂರು ನಾಲ್ಕು ವಾರ ನೀರುಣಿಸಿ ಹದಮಾಡಿದ ಇಟ್ಟಿಗೆಯನ್ನು ಅಲ್ಲಿಯವರು ಬೆಳೆಸಿದರು. ಅದನ್ನು ಸುಡಬೇಕಾಗಿಲ್ಲ, ಆದುದರಿಂದ ಸೌದೆ ಬೇಡ. ಮಳೆಗೆ ಕರಗದು, ಆದುದರಿಂದ ವರ್ಷವರ್ಷವೂ ಮೆತ್ತುವ ಕೆಲಸವಿಲ್ಲ. ಇಂಗ್ಲೆಂಡಿನಲ್ಲಿ 1917ರಲ್ಲಿ ಹುಟ್ಟಿ, ತಿರುವನಂತಪುರದಲ್ಲಿ ನೆಲೆಸಿ, 2007ರಲ್ಲಿ ತೀರಿಕೊಂಡ ಲಾರಿ ಬೇಕರ್ ಅವರು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ನಡುವೆ ಪೊಳ್ಳು ಬಿಟ್ಟು ಗೋಡೆ ಕಟ್ಟುವ ಕ್ರಮವನ್ನು ಬಳಕೆಗೆ ತಂದರು. ಇದರಿಂದ ಸುಮಾರು ಕಾಲು ಭಾಗ ಇಟ್ಟಿಗೆ ಉಳಿಯುತ್ತದೆ. ಪೊಳ್ಳಿನ ಗಾಳಿ ಕಾವನ್ನು ತಡೆಯುತ್ತದೆ. ಛಾವಣಿಯ ಕಾಂಕ್ರೀಟಿನ ನಡುವೆ ಹಳೆಯ ಮಂಗಳೂರು ಹೆಂಚುಗಳನ್ನು ಹುದುಗಿಸಿ ಸಿಮೆಂಟನ್ನೂ ಸೆಕೆಯನ್ನೂ ಒಟ್ಟಿಗೆ ತಗ್ಗಿಸುವುದನ್ನೂ ಅವರು ಮಾಡಿ ತೋರಿಸಿದರು. ಪ್ರಕೃತಿಗೆ ಹತ್ತಿರವಾಗುವುದೆಂದರೆ ಹಿಂದಕ್ಕೆ ನಡೆಯುವುದಲ್ಲ ಎಂಬುದಕ್ಕೆ ಈ ಎರಡು ಉದಾಹರಣೆಗಳು ಸಾಕು.

ಇದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಅವರು ಗಮನವಿಟ್ಟು ಕೇಳಿದರು. ಆದರೆ ಸಿಮೆಂಟಿನ ಇಟ್ಟಿಗೆಗೆ ಮುಂಗಡ ಕೊಟ್ಟಾಗಿತ್ತು. ಅಂಥ ಯಂತ್ರ ನಮ್ಮ ಸುತ್ತಮುತ್ತ ಸಿಗಲೂ ಇಲ್ಲ. “ಗಾರೆಯವನೇ ಮಣ್ಣಿನ ಮನೆ ಕಟ್ಕೊಂಡ್ರೆ ನನ್ನ ಕೆಲಸಕ್ಕೆ ಕರೆಯೋರು ಯಾರವ್ವ?” ಎಂದರು. ಆ ಪ್ರಶ್ನೆಗೂ ನನ್ನಲ್ಲಿ ಉತ್ತರವಿರಲಿಲ್ಲ.

ಉಳಿದದ್ದು ಬೇವಿನ ಮರದ ಪ್ರಶ್ನೆ. ಹೊಸ ಪಾಯ ಮರದ ಬುಡಕ್ಕೆ ತಾಗುತ್ತಿತ್ತು. ಬೇರು ಪಾಯವನ್ನು ಸೀಳುವುದೆಂದು ಅಪ್ಪ ಅದನ್ನು ಕಡಿಸಲು ನಿಶ್ಚಯಿಸಿದ್ದರು. ಪಡುವಣ ಬಿಸಿಲನ್ನು ತಡೆಯುವ ಆ ಮರ ಹೋದರೆ ಸಂಜೆಯ ಹೊತ್ತು ಸಿಮೆಂಟಿನ ಗೋಡೆ ಕಾದ ಹೆಂಚಾಗುವುದೆಂದು ನಾನು ವಾದಿಸಿದೆ. ಅವರು ಒಪ್ಪಲಿಲ್ಲ. ಆಗ ಅವ್ವ ಒಳಗಿನಿಂದ ಬಂದು, “ಮರ ಇರಲಿ ಬಿಡ್ರಿ. ಇಪ್ಪತ್ತೆರಡು ವರ್ಷ ಅದರ ನೆರಳಲ್ಲಿ ಪಾತ್ರೆ ತೊಳೆದೀನಿ. ನಾಳೆ ಬಿಸಿಲಲ್ಲಿ ಕೂತು ತೊಳೀಲಾ? ಪಡಸಾಲೆ ಐದು ಅಡಿ ಕಮ್ಮಿ ಮಾಡ್ರಿ” ಎಂದರು. ನನ್ನ ಪುಸ್ತಕದ ವಾದಕ್ಕೆ ಜಗ್ಗದ ಪಾಯ ಅವ್ವನ ಒಂದು ಮಾತಿಗೆ ಐದು ಅಡಿ ಹಿಂದೆ ಸರಿಯಿತು.

ಆ ದಿನ ನನಗೊಂದು ತಿಳಿವಳಿಕೆ ಬಂತು. ಅವ್ವನಿಗೆ ಮಣ್ಣಿನ ಮೇಲೆ ದ್ವೇಷವಿರಲಿಲ್ಲ, ಮರದ ಮೇಲೆ ತಾತ್ಸಾರವಿರಲಿಲ್ಲ. ಅವರು ಬೇಡವೆಂದದ್ದು ಮುಗಿಯದ ದುಡಿಮೆಯನ್ನು. ನೆರಳು ಕೂಲಿ ಕೇಳದೆ ಕೆಲಸ ಮಾಡುತ್ತದೆ. ಅದನ್ನು ಅವರು ಬಿಟ್ಟುಕೊಡಲಿಲ್ಲ. ಮನೆಯನ್ನು ಸಹಜವಾಗಿಸುವ ಯಾವ ಯೋಜನೆಗಾದರೂ ಇದೇ ಒರೆಗಲ್ಲಾಗಬೇಕೆಂದು ನನ್ನ ಅಭಿಪ್ರಾಯ: ಅದು ಮನೆಯಲ್ಲಿ ದುಡಿಯುವವರ ಭಾರವನ್ನು ಇಳಿಸುತ್ತದೆಯೋ, ಏರಿಸುತ್ತದೆಯೋ?

ಈ ಒರೆಗಲ್ಲಿಗೆ ನಿಲ್ಲುವ ಕೆಲಸಗಳು ಹಲವಿವೆ. ನಮ್ಮ ಹೊಸ ಮನೆಯ ಮೋಲ್ಡಿನಲ್ಲಿ ಅಪ್ಪ ಗವಾಕ್ಷಿಗೆ ಸ್ಥಳ ಬಿಟ್ಟು ಮೇಲೆ ಗಾಜು ಕೂರಿಸಿದ್ದಾರೆ. ಹಗಲು ಅಡುಗೆಮನೆಯಲ್ಲಿ ದೀಪ ಬೇಕಿಲ್ಲ, ಮಳೆಯಲ್ಲಿ ಏಣಿ ಹತ್ತಬೇಕಿಲ್ಲ. ಎದುರುಬದುರಾಗಿ ಕಿಟಕಿಯಿಟ್ಟುದರಿಂದ ಗಾಳಿ ಒಂದು ಕಡೆ ಬಂದು ಇನ್ನೊಂದು ಕಡೆ ಹೋಗುತ್ತದೆ. ಮೋಲ್ಡಿನ ಮೇಲೆ ಬೇಸಿಗೆಗೆ ಮೊದಲು ಬಿಳಿ ಸುಣ್ಣ ಬಳಿದರೆ ಬಿಸಿಲಿನ ಬಹುಪಾಲು ಅಲ್ಲಿಂದಲೇ ಹಿಂದಿರುಗುತ್ತದೆ. ಬಚ್ಚಲ ನೀರು ಈಗ ಬಾಳೆಯ ಬುಡಕ್ಕೆ ಹೋಗುತ್ತದೆ. ಮಳೆಯ ನೀರಿನ ಲೆಕ್ಕವನ್ನು ಯಾರಾದರೂ ಮಾಡಿ ನೋಡಬಹುದು: ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರು. 80 ಚದರ ಮೀಟರಿನ ಛಾವಣಿಯ ಮೇಲೆ ವರ್ಷಕ್ಕೆ 500 ಮಿಲಿಮೀಟರ್ ಬಿದ್ದರೆ 40,000 ಲೀಟರು. ಇದರಲ್ಲಿ ಅರ್ಧವನ್ನು ಹಿಡಿದರೂ ಎಷ್ಟು ಕೊಡ ನೀರು ಹೊರುವುದು ತಪ್ಪೀತು!

ಇದು ಮೈಗೆ ತಂಪಾಗುವ ಮಾತಷ್ಟೇ ಅಲ್ಲ, ಮನಸ್ಸಿನದೂ ಹೌದು. 1984ರಲ್ಲಿ ಅಮೆರಿಕದ ರೋಜರ್ ಉಲ್ರಿಚ್ ಎಂಬವರು ಒಂದು ಆಸ್ಪತ್ರೆಯ ದಾಖಲೆಗಳನ್ನು ಪರಿಶೀಲಿಸಿದರು. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ಮಂದಿಯಲ್ಲಿ 23 ಮಂದಿಯ ಕಿಟಕಿಯಿಂದ ಮರಗಳು ಕಾಣುತ್ತಿದ್ದವು. ಉಳಿದ 23 ಮಂದಿಗೆ ಇಟ್ಟಿಗೆಯ ಗೋಡೆ. ಮರ ಕಂಡವರು ಬೇಗ ಮನೆಗೆ ಹೋದರು, ನೋವಿಗೆ ಬಲವಾದ ಔಷಧಿಯನ್ನೂ ಕಡಮೆ ಬಳಸಿದರು. ಗೋಡೆ ನೋಡುತ್ತ ಮಲಗುವ ರೋಗಿಯ ಸ್ಥಿತಿ ಹೀಗಾದರೆ, ಗೋಡೆ ನೋಡುತ್ತ ಓದುವ ವಿದ್ಯಾರ್ಥಿಯ ಪಾಡೇನು? ನಮ್ಮ ಕಾಲೇಜಿನ ಹಳೆಯ ಕಟ್ಟಡದ ಎತ್ತರದ ಕೋಣೆಗಳಲ್ಲಿ ಮಧ್ಯಾಹ್ನದ ತರಗತಿಯೂ ಸಹ್ಯ. ಹೊಸ ಕಟ್ಟಡದಲ್ಲಿ ಮೂರನೆಯ ಗಂಟೆಗೆ ಅರ್ಧ ತರಗತಿ ತೂಕಡಿಸುತ್ತದೆ. ಗುರುಗಳು ಇದನ್ನು ನಮ್ಮ ಸೋಮಾರಿತನವೆಂದು ತಿಳಿಯಬಾರದು! ಅದರ ಪಡುವಣ ಗೋಡೆಗೆ ಐದಾರು ಹೊಂಗೆಯ ಸಸಿ ನೆಟ್ಟರೆ ನಮಗಲ್ಲವಾದರೂ ನಮ್ಮ ಹಿಂದೆ ಬರುವವರಿಗೆ ನೆರಳಾದೀತು. ರಾಷ್ಟ್ರೀಯ ಸೇವಾ ಯೋಜನೆಯ ಗೆಳೆಯರು ಮನಸ್ಸು ಮಾಡಬೇಕು.

ನಮ್ಮಲ್ಲಿ ಅನೇಕರು ನಾಳೆ ನೌಕರಿ ಹಿಡಿದು ಸಾಲ ಮಾಡಿ ಮನೆ ಕಟ್ಟುವವರೇ. ಅವರಲ್ಲಿ ನನ್ನದೊಂದು ವಿನಂತಿ. ನಕ್ಷೆ ಬರೆಸುವ ಮೊದಲು, ಆಯ ನೋಡಿಸುವ ಮೊದಲು, ಒಂದು ದಿನ ಬೆಳಗಿನಿಂದ ಸಂಜೆಯವರೆಗೆ ಆ ನಿವೇಶನದಲ್ಲಿ ಸುಮ್ಮನೆ ಕುಳಿತುಕೊಳ್ಳಿ. ಬಿಸಿಲು ಎಲ್ಲಿಂದ ಬರುತ್ತದೆ, ಗಾಳಿ ಎತ್ತಣಿಂದ ಬೀಸುತ್ತದೆ, ನೀರು ಎತ್ತ ಹರಿಯುತ್ತದೆ ನೋಡಿ. ಬಳಿಕ ಮನೆಗೆ ಬಂದು, ಅಲ್ಲಿ ಪಾತ್ರೆ ತೊಳೆಯಬೇಕಾದವರನ್ನು ಒಂದು ಮಾತು ಕೇಳಿ. ನಾನು ಕೇಳುವುದನ್ನು ಮರೆತಿದ್ದೆ. ಅವ್ವ ತಾವಾಗಿಯೇ ಹೇಳಿದ್ದರಿಂದ ನಮ್ಮ ಬೇವಿನ ಮರ ಉಳಿಯಿತು.