ಮರುಪರೀಕ್ಷೆಯ ದಿನಾಂಕ

ಕೆಲವು ದಿನಗಳ ಹಿಂದೆ ಬೈಂದೂರಿನಿಂದ ಹಳೆಯ ಶಿಷ್ಯೆಯೊಬ್ಬಳು ದೂರವಾಣಿಯಲ್ಲಿ ಮಾತನಾಡಿದಳು. ಗರ್ಭಕೊರಳಿನ ಪ್ಯಾಪ್ ಪರೀಕ್ಷೆಯ ವರದಿಯಲ್ಲಿ ಜೀವಕೋಶಗಳ ಅಲ್ಪ ಬದಲಾವಣೆ ಕಂಡುಬಂದಿದೆ, ವರ್ಷದ ಬಳಿಕ ಮತ್ತೆ ಬರಬೇಕೆಂದು ವೈದ್ಯರು ಹೇಳಿದ್ದಾರೆ. “ಟೀಚರೇ, ಹೆದರಬೇಕೋ, ಮರೆಯಬೇಕೋ?” ಎಂದು ಕೇಳಿದಳು. ಎರಡೂ ಬೇಡವೆಂದೆ.

ಹೆದರಬೇಕಾಗಿಲ್ಲ, ಏಕೆಂದರೆ ಇದು ಕ್ಯಾನ್ಸರ್ ಅಲ್ಲ. ಇಂತಹ ಬದಲಾವಣೆಗೆ ಸಾಮಾನ್ಯವಾಗಿ ಕಾರಣವಾದ ಎಚ್‌ಪಿವಿ ವೈರಾಣುವಿನ ಸೋಂಕು ಬಹುಪಾಲು ಮಹಿಳೆಯರಲ್ಲಿ ಎರಡು ವರ್ಷದೊಳಗೆ ತಾನಾಗಿಯೇ ಅಳಿಯುತ್ತದೆ. ಮರೆಯಲೂಬಾರದು, ಏಕೆಂದರೆ ಕೆಲವರಲ್ಲಿ ಅದು ಉಳಿದು, ನೋವಿಲ್ಲದೆ, ಸಾಮಾನ್ಯವಾಗಿ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಕ್ಯಾನ್ಸರಾಗಿ ಬೆಳೆಯಬಲ್ಲದು. ಯಾರಲ್ಲಿ ಅಳಿದೀತು, ಯಾರಲ್ಲಿ ಉಳಿದೀತು ಎಂಬುದನ್ನು ಒಂದೇ ವರದಿ ತಿಳಿಸಲಾರದು, ಮರುಪರೀಕ್ಷೆಯೇ ತಿಳಿಸಬೇಕು.

ಇದನ್ನು ನಾನು ತಡವಾಗಿ ಕಲಿತೆ. ನನ್ನ ಅಕ್ಕನ ವರದಿಯನ್ನು ಓದಿ ಹೇಳಿದವಳು ನಾನೇ. “ಏನೂ ಇಲ್ಲ ಅಕ್ಕಾ” ಎಂದು ಮಡಚಿಟ್ಟೆ. ಕೊನೆಯ ಸಾಲಿನಲ್ಲಿದ್ದ ಮರುಪರೀಕ್ಷೆಯ ಸೂಚನೆಯನ್ನು ಓದಿಯೂ ಹೇಳಲಿಲ್ಲ. ಹನ್ನೊಂದು ವರ್ಷಗಳ ನಂತರ ರಕ್ತಸ್ರಾವವಾದಾಗ ಕಾಲ ಮಿಂಚಿತ್ತು. ಅವಳು ನನ್ನನ್ನು ಒಂದು ಮಾತೂ ಅನ್ನಲಿಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದ 30ರಿಂದ 49 ವರ್ಷದ ಮಹಿಳೆಯರಲ್ಲಿ ಒಮ್ಮೆಯಾದರೂ ಈ ತಪಾಸಣೆಗೆ ಒಳಗಾದವರು ನೂರಕ್ಕೆ ಇಬ್ಬರೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಇಟ್ಟ ಗುರಿ 2030ರೊಳಗೆ ನೂರಕ್ಕೆ ಎಪ್ಪತ್ತು. ಶಿಬಿರಗಳು ಹೆಚ್ಚಲಿ; ಆದರೆ ಶಿಬಿರ ಮುಗಿದ ಮೇಲೆ ವರದಿ ಬಂದವಳನ್ನು ಹುಡುಕುವವರು ಯಾರು? ನಮ್ಮ ಕಡೆಯ ಹೆಣ್ಣುಮಕ್ಕಳು ಗಂಡನ ಹೋಟೆಲು ಇರುವಲ್ಲಿಗೆ, ಮುಂಬೈಗೋ ಬೆಂಗಳೂರಿಗೋ ಹೋಗುತ್ತಾರೆ. ಊರಲ್ಲಿ ಉಳಿದವಳಿಗೆ ಬೈಂದೂರಿನಿಂದ ಮಣಿಪಾಲಕ್ಕೆ ಹೋಗಿಬರುವುದೆಂದರೆ ಒಂದು ದಿನದ ಕೂಲಿ ಹೋದಂತೆ.

ಶಾಲೆಯಲ್ಲಿ ಮಗು ಮೂರು ದಿನ ಗೈರುಹಾಜರಾದರೆ ಮನೆಗೆ ಹೇಳಿಕಳುಹಿಸುತ್ತಿದ್ದೆವು. ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳ ಪ್ರತಿಯೊಂದು ಆರೋಗ್ಯ ಕೇಂದ್ರದಲ್ಲಿಯೂ ಅಂತಹುದೇ ಹಾಜರಿ ಪುಸ್ತಕವೊಂದು ಇರಬೇಕೆಂಬುದು ನನ್ನ ಅಭಿಪ್ರಾಯ. ಮರುಪರೀಕ್ಷೆಯ ದಿನ ತಪ್ಪಿದವಳ ಮನೆಗೆ ಆಶಾ ಕಾರ್ಯಕರ್ತೆ ಹೋಗಲಿ. ಆ ಹೆಚ್ಚಿನ ಕೆಲಸಕ್ಕೆ ಆಕೆಗೆ ತಕ್ಕ ಗೌರವಧನವೂ ಸಿಗಲಿ.

ಅಲ್ಲಿಯವರೆಗೆ ಹಾಜರಿ ಹಾಕುವವರು ಮನೆಯವರೇ. ಶಿಷ್ಯರೇ, ತಾಯಿ, ಅಕ್ಕ, ಅತ್ತಿಗೆಯರ ವರದಿಗಳನ್ನು ಕೊನೆಯ ಸಾಲಿನವರೆಗೂ ಓದಿ ಹೇಳಿ. ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ.